ಕೆಂಪು ಟ್ರಂಕಿನ ಮೇಲೆ ಕಣ್ಣು

ಮಾಣಿಕನಿಗೆ ನೆನಪಿನ ಶಕ್ತಿಯೇ ಇಲ್ಲ ಎಂದು ಭಾಲ್ಕಿಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ನಾನದನ್ನು ಒಪ್ಪುವುದಿಲ್ಲ. ಗಮನ ಕೊಟ್ಟದ್ದನ್ನು ಅವನು ಮರೆತವನೇ ಅಲ್ಲ. ಆದರೆ ಆ ಗಮನ ಒಮ್ಮೆಗೆ ಒಂದೇ ವಸ್ತುವಿನ ಮೇಲೆ ಕೂರುತ್ತಿತ್ತು. ಉಳಿದ ಲೋಕ ಹಾಳಾಗಿ ಹೋಗಲಿ!

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ಅವನು ಹೆಂಡತಿ ಸುಭದ್ರಾಬಾಯಿಯನ್ನು ಕರೆದುಕೊಂಡು ಬೀದರಿನ ಮೆರವಣಿಗೆ ನೋಡಲು ಹೋದ. ಅಲ್ಲಿ ಹಂಚಿದ ಪೇಢೆಯನ್ನು ಪುಡಿಯಾಗದಂತೆ ಅಂಗೈಯಲ್ಲಿ ಹಿಡಿದು ಜೋಪಾನವಾಗಿ ಊರಿಗೆ ತಂದ. ಹೆಂಡತಿ ಬೀದರಿನಲ್ಲೇ ಉಳಿದಳು. ಅವಳು ಸಿಟ್ಟಿನಿಂದ ಔರಾದ ಕಡೆಯ ಬಸ್ಸು ಹತ್ತಿ ತವರೂರು ಚಿಂತಾಕಿ ಸೇರಿಕೊಂಡಳು.

ತಿಂಗಳಾದರೂ ಬರಲಿಲ್ಲ. ಕೊನೆಗೆ ಅತ್ತೆ ಭಾಗೀರಥಿಬಾಯಿ ಹೇಳಿಕಳಿಸಿದಳು: "ನಾ ಭಾಲ್ಕಿಗಿ ಬರ್ತೇನಿ. ಕೆಂಪು ಟ್ರಂಕ ಇರ್ತದ. ನನಗ ಮರೀದೆ ಮನಿಗಿ ಕರಕೊಂಡು ಹೋದ್ರ ಮಗಳಿಗಿ ಕಳಸ್ತೇನಿ. ಇಲ್ಲಂದ್ರ ಇಲ್ಲ."

ಟ್ರಂಕಿನ ಗುರುತು ಬೇಕೇ ಇತ್ತು. ಅತ್ತೆ ಅಳಿಯನೆದುರು ಮುಖ ತೋರಿಸಬಾರದು, ಮಾತಾಡಬಾರದು ಎಂಬ ರಿವಾಜು ಆ ಮನೆಯದು. ಮಾಣಿಕ ಅಂದಿನವರೆಗೆ ನೋಡಿದ್ದು ಅವಳ ಸೆರಗನ್ನಷ್ಟೆ.

ಆ ದಿನ ಭಾಲ್ಕಿಯ ನಿಲ್ದಾಣಕ್ಕೆ ಔರಾದಿನ ಬಸ್ಸು ಬಂತು. "ಕೆಂಪು ಟ್ರಂಕ, ಕೆಂಪು ಟ್ರಂಕ" ಎಂದು ಜಪಿಸುತ್ತ ಅವನು ಟಾಪಿನ ಮೇಲಿನ ಸಾಮಾನುಗಳಲ್ಲೇ ಕಣ್ಣು ನೆಟ್ಟ. ಮುಖದ ತುಂಬ ಸೆರಗೆಳೆದುಕೊಂಡ ಹೆಂಗಸೊಬ್ಬಳು ಬಟ್ಟೆಯ ಗಂಟು ಹಿಡಿದು ಅವನ ಮುಂದೆಯೇ ಬಂದು ನಿಂತಳು.

"ಬಾಯಾರ, ಅಡ್ಡ ನಿಂದರಬ್ಯಾಡ್ರಿ. ನಮ್ಮ ಅತ್ತಿಯವ್ರು ಬರೋರದಾರ."

ಅವಳು ಬೇಕೆಂದೇ ಕೆಮ್ಮಿದಳು. ಅವನು ಅವಳತ್ತ ನೋಡದೆಯೇ ತನ್ನ ತಂಬಿಗೆ ಚಾಚಿದ.

"ನೀರು ಕುಡೀರಿ. ಇವತ್ತ ನಾ ತಪ್ಪಿದ್ರ ನನ್ನ ಸುಭದ್ರಾ ಬರಂಗಿಲ್ರಿ. ಅಕಿ ಇಲ್ಲದ ಮನ್ಯಾಗ ರೊಟ್ಟಿ ಸೈತ ಗಂಟಲಾಗ ಇಳಿವಲ್ದು. ಆ ಪೇಢಾ ನಾ ಅಕಿಗೇ ಅಂತ ಹಿಡಕೊಂಡಿದ್ದೆರಿ. ಅದನ್ನ ಕಾಯ್ಕೋತ ಅಕಿಗೇ ಮರೆತೆ."

ಅಷ್ಟರಲ್ಲಿ ಟಾಪಿನಿಂದ ಕೆಂಪು ಟ್ರಂಕೊಂದು ಇಳಿಯಿತು. ಮಾಣಿಕ ಓಡಿಹೋಗಿ ಅದನ್ನು ಇಳಿಸಿಕೊಂಡವರ ಪಾದಕ್ಕೆ ಅಡ್ಡಬಿದ್ದ. "ಅತ್ತಿಯವ್ರ, ಶರಣ್ರಿ!"

"ಅರೆ, ನಾ ಅತ್ತಿ ಅಲ್ರಿ! ಬಳಿ ಮಾರೋ ಅಬ್ದುಲ ಸಮದ ಇದ್ದೇನಿ!" ಗಡ್ಡದ ಮುದುಕ ಗಾಬರಿಯಾಗಿ ಹಿಂದೆ ಸರಿದ.

ಬಸ್ ನಿಲ್ದಾಣವೆಲ್ಲ ಗೊಳ್ಳೆಂದು ನಕ್ಕಿತು. ಸೆರಗಿನೊಳಗಿಂದ ಭಾಗೀರಥಿಬಾಯಿ ರಿವಾಜು ಮುರಿದು ಮೊದಲ ಸಲ ಬಾಯಿಬಿಟ್ಟಳು: "ಟ್ರಂಕಿನ ಕೊಂಡಿ ಮುರೀತು, ಗಂಟ ಕಟ್ಟಿ ತಂದೀನಿ. ಅಳಿಯಂದ್ರ, ನೀವು ಸೋತ್ರಿ. ಆದ್ರ ಪೇಢಾದ ಮಾತು ಕೇಳಿ ನನ್ನ ಕರುಳು ಚುರ್ ಅಂತು. ಸುಭದ್ರಾಗ ಕರಕೊಂಡು ಬರ್ರಿ."

ಮಾಣಿಕನ ಕಣ್ಣಲ್ಲಿ ನೀರು ಬಂತು. ಹೆಂಡತಿ ಬರುತ್ತಾಳೆ! ಈಗ ಅವನ ಗಮನವೆಲ್ಲ ಚಿಂತಾಕಿಯ ಮೇಲೆ. "ಸುಭದ್ರಾ, ಸುಭದ್ರಾ" ಎನ್ನುತ್ತ, ಔರಾದಿಗೆ ಮರಳಿ ಹೊರಟ ಅದೇ ಬಸ್ಸನ್ನು ಹಾರಿ ಹತ್ತಿದ.

ಅತ್ತೆ ಅವನ ತಂಬಿಗೆ ಹಿಡಿದುಕೊಂಡು ಭಾಲ್ಕಿಯ ಬಸ್ ನಿಲ್ದಾಣದಲ್ಲೇ ನಿಂತಿದ್ದಳು.