ಕೋಳಿ ಅಂಕದ ಕಣದಲ್ಲಿ ವಿಜ್ಞಾನ ಶಾಲೆ

ಸರ್ಕಾರದ ಹೊಸ ವಿಜ್ಞಾನ ಪ್ರೌಢಶಾಲೆ ಸಾನ್ ಅನಾಕ್ಲೇತೊಗೆ ಮಂಜೂರಾದ ದಿನ ಮೇಯರ್ ಪೇಟೆಬೀದಿಯಲ್ಲಿ ಪಟಾಕಿ ಹೊಡೆಸಿದ್ದರು. ಪ್ರವೇಶ ಪರೀಕ್ಷೆ ಪಾಸಾದ ಮಕ್ಕಳು ಪನಾಯ್ ದ್ವೀಪದ ಮೂಲೆಮೂಲೆಯಿಂದ ಟ್ರಂಕು, ಚಾಪೆ, ಒಣಮೀನಿನ ಡಬ್ಬಿ ಹೊತ್ತು ಜೂನ್ ತಿಂಗಳಲ್ಲಿ ಬಂದಿಳಿದರು. ಕಟ್ಟಡ ಇನ್ನೂ ಮೇಯರ್ ಬಾಯಲ್ಲೇ ಇದೆಯೆಂಬುದು ಅವರಿಗೆ ಬಂದ ಮೇಲಷ್ಟೇ ಗೊತ್ತಾಯಿತು.

ಶಾಲೆಯ ಮುಖ್ಯಸ್ಥೆ ಫ್ಲೋರ್‌ದೆಲಿಸ್ ಮಗ್‌ಬನ್ವಾ, ಎಲ್ಲರಿಗೂ ಡೆಲಿಸ್ ಮೇಡಂ. ನಗರದ ಕಾಲೇಜಿನಲ್ಲಿ ಫ್ಯಾನಿನ ಕೆಳಗೆ ನಿಂತು ರಸಾಯನಶಾಸ್ತ್ರ ಹೇಳಿಕೊಂಡು ಹಾಯಾಗಿದ್ದವರು. ಹುಟ್ಟೂರಿನಲ್ಲಿ ಶಾಲೆ ಎಂದ ಕೂಡಲೇ ಗಂಟುಮೂಟೆ ಕಟ್ಟಿದ್ದರು. ಮಕ್ಕಳನ್ನೇನೋ ಊರಿನ ಮನೆಗಳಲ್ಲಿ ಒಬ್ಬಿಬ್ಬರಂತೆ ಇರಿಸಿದರು. ಪಾಠ ಎಲ್ಲಿ ಮಾಡುವುದು? ಊರಲ್ಲಿ ದೊಡ್ಡ ಸೂರು ಇದ್ದದ್ದು ಎರಡೇ ಕಡೆ. ಚರ್ಚಿನಲ್ಲಿ ದಿನವೂ ಪೂಜೆ. ಇನ್ನೊಂದು, ಬಾಲ್ತಸಾರ್ ಗಿಲ್ಯೆರ್ಗಾನ್‌ರ ಕೋಳಿ ಅಂಕದ ಕಣ.

ಬಾಲ್ತಸಾರ್ ಆ ಕೇರಿಯ ಮುಖಂಡ. ಹೊಟ್ಟೆ ಮುಂದೆ, ತಾನು ಹಿಂದೆ ನಡೆಯುವ ಆಸಾಮಿ. ಊರವರಿಗೆಲ್ಲ ಅಣ್ಣನಾದ್ದರಿಂದ ‘ನೋಂಗ್ ಬಾಲ್ತಾ’. ಡೆಲಿಸ್ ಮೇಡಂ ಹೋಗಿ ಕೇಳಿದಾಗ ಅವರು ತಮ್ಮ ಹುಂಜದ ಕುತ್ತಿಗೆ ಸವರುತ್ತ ಒಂದು ಕ್ಷಣವೂ ಯೋಚಿಸದೆ ಒಪ್ಪಿಬಿಟ್ಟರು.

“ವಾರವೆಲ್ಲಾ ನಿಮ್ಮ ಮಕ್ಕಳು, ಭಾನುವಾರ ನನ್ನ ಹುಂಜ. ಇಬ್ಬರೂ ಒಬ್ಬರನ್ನೊಬ್ಬರು ಕುಕ್ಕದೆ ಇದ್ರೆ ಸಾಕು, ಮೇಡಂ.”

ಹೀಗೆ ಶಾಲೆ ಶುರುವಾಯಿತು. ಸುತ್ತಲೂ ಮೆಟ್ಟಿಲು ಮೆಟ್ಟಿಲಾದ ಹಲಗೆಗಳ ಮೇಲೆ ಮಕ್ಕಳು, ನಡುವೆ ಮರಳಿನ ಕಣದಲ್ಲಿ ಮೇಷ್ಟರು. ಸೋಮವಾರ ಬೆಳಗ್ಗೆ ಎಲ್ಲರೂ ಸೇರಿ ಪುಕ್ಕ ಗುಡಿಸಿ, ರಕ್ತದ ಕಲೆಯ ಮೇಲೆ ಹೊಸ ಮರಳು ಹರಡುತ್ತಿದ್ದರು. ಒಳ್ಳೆಯ ಪುಕ್ಕ ಸಿಕ್ಕರೆ ಸೂಕ್ಷ್ಮದರ್ಶಕದ ಕೆಳಗೆ ಹೋಗುತ್ತಿತ್ತು. ಗಣಿತದ ರೆನಾಂತೆ ಸರ್ ಸಮೀಕರಣ ಬಿಡಿಸಿ ಉತ್ತರ ಬರೆಯುವ ಹೊತ್ತಿಗೆ ಸರಿಯಾಗಿ ಹಿಂದಿನ ಗೂಡಿನಿಂದ ಹುಂಜವೊಂದು ಕೂಗುತ್ತಿತ್ತು. “ನೋಡಿ, ಅದಕ್ಕೂ ಅರ್ಥ ಆಯ್ತು. ನಿಮಗೆ?” ಎನ್ನುತ್ತಿದ್ದರು ಅವರು.

ರಾಜಧಾನಿ ಮನಿಲಾದ ಶಿಕ್ಷಣ ಕಚೇರಿಯಿಂದ ಫೋನು ಬಂದಾಗ ಮಾತ್ರ ಡೆಲಿಸ್ ಮೇಡಂ ಅಳೆದು ತೂಗಿ ಮಾತಾಡುತ್ತಿದ್ದರು. ತರಗತಿ ಎಲ್ಲಿ ನಡೆಯುತ್ತಿದೆ ಎಂದರೆ, “ದುಂಡಗಿನ ಸಭಾಂಗಣ ಸರ್. ಸುತ್ತ ಗ್ಯಾಲರಿ ಇದೆ. ಗಾಳಿ ಬೆಳಕು ಧಾರಾಳ,” ಎನ್ನುತ್ತಿದ್ದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೂ ಫೋನು ಇಟ್ಟ ಮೇಲೆ ಅವರು ರೆನಾಂತೆಯ ಮುಖ ನೋಡುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಸುದ್ದಿ ಬಂತು: ಡಾಕ್ಟರ್ ಲಕ್ಸಮಾನಾ ಎಂಬ ಅಧಿಕಾರಿ ತಪಾಸಣೆಗೆ ಬರುತ್ತಾರೆ. ಅವರಿಗೆ ಒಪ್ಪಿಗೆಯಾಗದಿದ್ದರೆ ಶಾಲೆ ಮುಚ್ಚಿ ಮಕ್ಕಳನ್ನು ಬೇರೆ ದ್ವೀಪಗಳ ಶಾಲೆಗಳಿಗೆ ಹಂಚುತ್ತಾರೆ. ಬರುವುದು ಸೋಮವಾರ. ಭಾನುವಾರ ರಾತ್ರಿಯೊಳಗೆ ಗೋಡೆಗಳಿಗೆ ಬಟ್ಟೆ ಕಟ್ಟಿ, ಹುಂಜಗಳ ಚಿತ್ರಗಳನ್ನೆಲ್ಲ ಮುಚ್ಚಿಬಿಡುವುದೆಂದು ಮೇಡಂ ಲೆಕ್ಕ ಹಾಕಿದ್ದರು.

ಆದರೆ ಭಾನುವಾರಕ್ಕೆ ಬಿರುಗಾಳಿಯ ಮುನ್ಸೂಚನೆ ಇದ್ದದ್ದರಿಂದ ಡಾಕ್ಟರ್ ಲಕ್ಸಮಾನಾ ಬೇಗನೆ ಹಡಗು ಹತ್ತಿ ಶುಕ್ರವಾರವೇ ಬಂದುಬಿಟ್ಟರು. ಆ ಶುಕ್ರವಾರ ವರ್ಷದ ದೊಡ್ಡ ಅಂಕ. ಅದೊಂದು ದಿನ ಮಾತ್ರ ಮಧ್ಯಾಹ್ನದವರೆಗೆ ಪಾಠ, ಆಮೇಲೆ ಆಟ ಎಂದು ಒಪ್ಪಂದವಾಗಿತ್ತು. ಅವರು ಬಾಡಿಗೆ ಟ್ರೈಸಿಕಲ್ ಇಳಿಯುವಾಗ ಬಾಗಿಲಲ್ಲಿ ಜಾತ್ರೆಯಂಥ ಜನ, ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಹುಂಜ.

ಒಳಗೆ ಲೋಲಕದ ಪಾಠ ಇನ್ನೂ ಮುಗಿದಿರಲಿಲ್ಲ. ಬೆಳ್ಳಿಕೂದಲಿನ ಆ ತೆಳ್ಳನೆಯ ಮನುಷ್ಯ ಪೆಟ್ಟಿಗೆ ಹಿಡಿದು ಕಣದ ಅಂಚಿಗೆ ಬಂದು ನಿಂತರು. ಸುತ್ತ ನೋಡಿದರು. ಗೋಡೆಯ ಮೇಲಿನ ಕೆಂಪು ಹುಂಜದ ಚಿತ್ರ ನೋಡಿದರು.

“ದುಂಡಗಿದೆ,” ಎಂದರು ಕೊನೆಗೆ.

ಡೆಲಿಸ್ ಮೇಡಂಗೆ ಮರಳು ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು. “ಹೌದು ಸರ್. ಕೋಳಿ ಅಂಕದ ಕಣ. ಮೊದಲೇ ಹೇಳಬೇಕಿತ್ತು. ಹೇಳೋಕೆ ಧೈರ್ಯ ಸಾಲಲಿಲ್ಲ.”

ಡಾಕ್ಟರ್ ಲಕ್ಸಮಾನಾ ಹಲಗೆಯ ಮೇಲೆ ಕುಳಿತು, “ಪಾಠ ಮುಂದುವರಿಸಿ,” ಎಂದರು. ಅಷ್ಟರಲ್ಲಿ ಹೊರಗಿನ ಜನ ಬಿಸಿಲು ತಾಳಲಾರದೆ ಒಳನುಗ್ಗಿ, ಮಕ್ಕಳ ಹಿಂದೆ ಹುಂಜಗಳ ಸಮೇತ ಕುಳಿತುಬಿಟ್ಟಿದ್ದರು.

ಕಪ್ಪುಹಲಗೆಯ ಮುಂದೆ ಜೋವೆಲಿನ್ ನಿಂತಿದ್ದಳು. ಮೀನುಗಾರರ ಮನೆಯ ಹುಡುಗಿ, ಗಾಳಿ ಬೀಸಿದರೆ ಹಾರಿಹೋಗುವಷ್ಟು ಸಣಕಲು. ಡಾಕ್ಟರ್ ಲಕ್ಸಮಾನಾ ಕೇಳಿದರು: “ಲೋಲಕದ ಗುಂಡು ಭಾರವಾದರೆ ಅದು ತೂಗಿ ವಾಪಸ್ ಬರೋ ಸಮಯ ಏನಾಗುತ್ತಮ್ಮಾ?”

“ಏನೂ ಆಗಲ್ಲ ಸರ್. ಹಗ್ಗದ ಉದ್ದ ಒಂದೇ ಇದ್ರೆ ಭಾರಕ್ಕೂ ಹಗುರಕ್ಕೂ ಒಂದೇ ಸಮಯ.”

“ಬುರುಡೆ!” ಮೇಲಿನ ಸಾಲಿನಿಂದ ಯಾರೋ ಕೂಗಿದರು. “ಭಾರದ್ದು ಬೇಗ ಬರುತ್ತೆ!”

“ಎಲ್ಲಿ ಬರುತ್ತೋ? ಹೆಣದ ಥರ ಬಿದ್ದಿರುತ್ತೆ. ಹಗುರದ್ದೇ ಬೇಗ!” ಇನ್ನೊಬ್ಬ.

ನೋಂಗ್ ಬಾಲ್ತಾ ಎದ್ದು ನಿಂತರು. “ಏ ಇಂದಾಯ್, ಮಗಳೇ, ನಾನು ತೂಗಿದ್ರೂ ನೀನು ತೂಗಿದ್ರೂ ಒಂದೇ ಅಂತೀಯೇನೇ?”

ಜೋವೆಲಿನ್ ಅವರ ಹೊಟ್ಟೆಯನ್ನೊಮ್ಮೆ ನೋಡಿದಳು. “ಒಂದೇ, ನೋಂಗ್.”

ಇಡೀ ಕಣ ಗೊಳ್ಳೆಂದಿತು. ಕೈಗಳು ಮೇಲೆದ್ದವು, ಯಾರು ಬೇಗ ಬರುತ್ತಾರೆಂದು ಪಣ ಕಟ್ಟುವ ಬೆರಳುಗಳು ಆಡಿದವು, “ಬಾಲ್ತಾ! ಬಾಲ್ತಾ!” “ಹುಡುಗಿ! ಹುಡುಗಿ!” ಎಂಬ ಕೂಗು.

“ಮಕ್ಕಳ ಮೇಲೆ ಪಣ ಕಟ್ಟಂಗಿಲ್ಲ!” ಡೆಲಿಸ್ ಮೇಡಂ ಕಿರುಚಿದರು.

“ಮಕ್ಕಳ ಮೇಲಲ್ಲ ಮೇಡಂ, ಹಗ್ಗದ ಮೇಲೆ!”

ಮೇಡಂ ಅಧಿಕಾರಿಯತ್ತ ತಿರುಗಿದರು. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಹೇಗೂ ಶಾಲೆ ಹೋಯಿತು, ಹೋಗುವುದಾದರೆ ಪಾಠ ಪೂರ್ತಿ ಮಾಡಿಯೇ ಹೋಗಲಿ ಅನ್ನಿಸಿತು ಮೇಡಂಗೆ. ಕೂಗಿ ಹೇಳಿದರು:

“ರೆನಾಂತೆ, ದೋಣಿ ಹಗ್ಗ ತರ್ಸಿ!”

ತೊಲೆಗೆ ಎರಡು ಹಗ್ಗ ಬಿದ್ದವು, ಎರಡು ಹಲಗೆ ಕಟ್ಟಿದರು. ಇನ್ನೇನು ಕೂರಬೇಕು, ಜೋವೆಲಿನ್ ತಡೆದಳು. “ಹಲಗೆವರೆಗೆ ಅಳೆದ್ರೆ ಆಗಲ್ಲ ಸರ್. ಮೈಭಾರದ ನಡು ಎಲ್ಲಿದೆ ಅಲ್ಲಿಗೆ ಅಳೀಬೇಕು. ನೋಂಗ್‌ದು ಹೊಟ್ಟೆ ಹತ್ರ.”

“ನನ್ನದು ಎಲ್ಲಾ ಹೊಟ್ಟೆ ಹತ್ರಾನೇ,” ಎಂದರು ಬಾಲ್ತಾ ದೈನ್ಯದಿಂದ.

ಮತ್ತೆ ಅಳೆದು, ಹುಡುಗಿಯ ಹಗ್ಗ ಗಿಡ್ಡ ಮಾಡಿ, ಇಬ್ಬರನ್ನೂ ಒಂದೇ ಎತ್ತರಕ್ಕೆ ಎಳೆದು ಹಿಡಿದರು. ತೊಲೆ ಕಿರ್ ಎಂದಿತು. ಬಾಲ್ತಾ ಶಿಲುಬೆಯ ಗುರುತು ಮಾಡಿಕೊಂಡರು. ರೆನಾಂತೆ “ಬಿಡಿ!” ಎಂದರು.

ದಪ್ಪ ಮನುಷ್ಯ, ಸಣಕಲು ಹುಡುಗಿ ಇಬ್ಬರೂ ಮರಳಿನ ಮೇಲೆ ಸುಯ್ಯನೆ ಹೋದರು, ಒಟ್ಟಿಗೇ ಬಂದರು. ಮತ್ತೆ ಹೋದರು, ಮತ್ತೆ ಜೊತೆಯಾಗಿಯೇ ಬಂದರು, ಒಂದೇ ಕೈ ತೂಗುತ್ತಿರುವ ಹಾಗೆ. ಕೂಗು ನಿಂತುಹೋಗಿ, ಹುಂಜಗಳೂ ತೆಪ್ಪಗಾದವು. ಆಮೇಲೆ ಮೇಲಿನ ಸಾಲಿನ ಮುದುಕರೊಬ್ಬರು, ಅಂಕದಲ್ಲಿ ಎರಡು ಹುಂಜ ಸರಿಸಮ ನಿಂತಾಗ ಕೂಗುವ ಮಾತನ್ನು ಕೂಗಿದರು:

“ತಾಬ್ಲಾ!”

“ತಾಬ್ಲಾ! ತಾಬ್ಲಾ!” ಎಂದು ಸೂರು ಹಾರುವಂತೆ ಎಲ್ಲರೂ ಕುಣಿದರು. ಯಾರೂ ಗೆಲ್ಲಲಿಲ್ಲ, ಯಾರೂ ಸೋಲಲಿಲ್ಲ. ಬಾಲ್ತಾ ಮಾತ್ರ ಇಳಿಯಲಾಗದೆ ತೂಗುತ್ತಲೇ ಇದ್ದರು. “ಯಾರಾದ್ರೂ ಹಿಡೀರೋ! ನಂಗೆ ವಿಜ್ಞಾನ ಸಾಕು!”

ಡಾಕ್ಟರ್ ಲಕ್ಸಮಾನಾ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ನಗುತ್ತಿದ್ದಾರೆಂದು ಮೇಡಂಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಹೊರಗೆ ಬಂದು ಅವರು ಆಡಿದ ಮಾತಿನಲ್ಲಿ ನಗು ಇರಲಿಲ್ಲ.

“ಮಕ್ಕಳ ಬಗ್ಗೆ ನನಗೆ ಸಂದೇಹ ಇಲ್ಲ ಮೇಡಂ. ಈ ಜಾಗದ ಬಗ್ಗೆಯೂ ಇಲ್ಲ, ಇದು ಶಾಲೆ ಅಲ್ಲ. ಜೂನ್‌ನಲ್ಲಿ ಬಾಗಿಲು ತೆರೆಯೋ ಹೊತ್ತಿಗೆ ಸ್ವಂತ ನೆಲ, ಸ್ವಂತ ಸೂರು ಇರಬೇಕು. ಇಲ್ಲಾಂದ್ರೆ ನಾನೇ ಬಂದು ಮುಚ್ಚಬೇಕಾಗುತ್ತೆ. ಮುಚ್ಚೋಕೆ ನನಗೆ ಇಷ್ಟ ಇಲ್ಲ.”

ಶಾಲೆಗೆಂದು ಮೇಯರ್ ಬರೆದುಕೊಟ್ಟಿದ್ದ ನೆಲ ಗುಡ್ಡದ ಮೇಲಿತ್ತು. ಮಂಜೂರಾದ ಇಟ್ಟಿಗೆ, ಸಿಮೆಂಟು ತಿಂಗಳುಗಳಿಂದ ಕೆಳಗಿನ ರಸ್ತೆಬದಿಯಲ್ಲೇ ಬಿದ್ದಿದ್ದವು, ಕೊಚ್ಚಿಹೋದ ದಾರಿಯಲ್ಲಿ ಲಾರಿ ಹತ್ತುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಅಧಿಕಾರಿಯ ಮಾತು ಕೇಳಿಸಿಕೊಂಡ ಬಾಲ್ತಾ ಮತ್ತೆ ಒಳಗೆ ಹೋಗಿ ಕಣದ ನಡುವೆ ನಿಂತರು. “ಲಾರಿ ಹತ್ತಲ್ಲ ಅಂತೆ. ನಿಮ್ಮ ಕೋಣಗಳೂ ಹತ್ತಲ್ವೇನ್ರೋ? ನಾಳೆ ಬೆಳಗ್ಗೆ ಬರದೇ ಇದ್ದವನ ಹುಂಜಕ್ಕೆ ಇನ್ಮೇಲೆ ನನ್ನ ಕಣದಲ್ಲಿ ಜಾಗ ಇಲ್ಲ.”

ಶನಿವಾರ ಗುಡ್ಡದ ದಾರಿಯುದ್ದಕ್ಕೂ ಕೋಣಗಳ ಸಾಲು, ಹಿಂದೆ ಎಳೆಬಂಡಿಗಳಲ್ಲಿ ಇಟ್ಟಿಗೆ. ಹೆಂಗಸರು ಸೂರಿಗೆ ನೀಪಾ ತಾಳೆಯ ಗರಿ ಹೆಣೆದರು. ಡೆಲಿಸ್ ಮೇಡಂ ತಲೆಗೆ ಟವೆಲ್ ಸುತ್ತಿ ಸಿಮೆಂಟು ಕಲಸಿದರು. ಅವರ ಹದ ನೋಡಿ ಮೇಸ್ತ್ರಿ, “ಮೇಡಂ, ಇದು ಗಂಜಿ ಆಯ್ತು. ನೀವು ಅಕ್ಕಿ ಬೇಯ್ಸೋ ಕಡೆ ಹೋಗಿ,” ಎಂದು ಓಡಿಸಿದ. ಅಲ್ಲಿ ಅನ್ನವನ್ನೂ ಗಂಜಿ ಮಾಡಿದರು. ಯಾರೂ ಬೇಡವೆನ್ನದೆ ಒಣಮೀನು ನಂಜಿಕೊಂಡು ಉಂಡರು.

ಜೂನ್‌ನಲ್ಲಿ ಗುಡ್ಡದ ಮೇಲೆ ಮೂರು ಕೋಣೆ ನಿಂತವು. ಕರೆಂಟು ಬಂದಿರಲಿಲ್ಲ, ನೀರು ಕೊಡದಲ್ಲಿ ಹೊತ್ತು ತರಬೇಕಿತ್ತು, ಪ್ರಯೋಗಾಲಯವೆಂದರೆ ಒಂದು ಉದ್ದ ಮೇಜು. ಮೊದಲ ದಿನದ ಮೊದಲ ಪಾಠಕ್ಕೇ ಮಳೆ ಸುರಿಯಿತು. ಮಕ್ಕಳು ಕುಳಿತ ಕಡೆಯೆಲ್ಲ ಸೂರು ಗಟ್ಟಿಯಾಗಿ ತಡೆಯಿತು, ಸೋರಿದ್ದು ಮೇಡಂ ನಿಂತ ಜಾಗದಲ್ಲಿ ಮಾತ್ರ. ಅವರು ಎಡಕ್ಕೆ ಸರಿದರೆ ಅಲ್ಲೂ ಒಂದು ಹನಿ, ಬಲಕ್ಕೆ ಸರಿದರೆ ಅಲ್ಲೂ.

“ಮೇಡಂ, ಇಲ್ಲಿ ಬನ್ನಿ,” ಎಂದು ಹಿಂದಿನ ಬೆಂಚಿನವರು ಒತ್ತರಿಸಿಕೊಂಡು ಜಾಗ ಮಾಡಿದರು. ಡೆಲಿಸ್ ಮೇಡಂ ಒದ್ದೆ ಚಪ್ಪಲಿ ಬಿಟ್ಟು ಮಕ್ಕಳ ನಡುವೆ ಕುಳಿತರು. ಜೋವೆಲಿನ್ ಕೈಗೆ ಸೀಮೆಸುಣ್ಣ ಕೊಟ್ಟು, “ಹೋಗು, ಇವತ್ತು ನೀನೇ ನೆನಿ,” ಎಂದರು.