ಇಪ್ಪತ್ತರಲ್ಲಿ ಒಬ್ಬ

ಫಾಗಲೇಮು ಊರಿನ ಮನೆಗಳಿಗೆ ಗೋಡೆಗಳಿಲ್ಲ. ಕಂಬ, ಕಂಬದ ಮೇಲೆ ಸೂರು, ಮಳೆ ಬಂದರೆ ಇಳಿಬಿಡುವ ಚಾಪೆ, ಅಷ್ಟೇ. ಈ ಮನೆಯಲ್ಲಿ ಸೀನಿದರೆ ಆಚೆ ಮನೆಯವರು "ಬಾಳು, ಬಾಳು" ಎಂದು ಹರಸುತ್ತಾರೆ. "ಉತ್ತರ ಕೊಡುವವರನ್ನು ಒಂಟಿಯಾಗಿ ಕೂರಿಸಿ, ಬೇರೆ ಯಾರಿಗೂ ಕೇಳದಂತೆ ಪ್ರಶ್ನೆ ಕೇಳತಕ್ಕದ್ದು" ಎಂದು ರಾಜಧಾನಿ ಆಪಿಯಾದ ಕಚೇರಿಯಲ್ಲಿ ಕೂತು ನಿಯಮ ಬರೆದ ಮಹಾನುಭಾವನಿಗೆ ಇದು ಯಾಕೆ ಹೊಳೆಯಲಿಲ್ಲವೋ! ಅವನೇನು ಆಕಾಶದಿಂದ ಉದುರಿದವನಲ್ಲ, ಇಂಥದ್ದೇ ಊರಲ್ಲಿ ಹುಟ್ಟಿ ಬೆಳೆದವನು.

ಆ ನಿಯಮ ಹೊತ್ತು ಊರೂರು ಸುತ್ತುವ ಕರ್ಮ ಮಕೆರಿತಾಳದು. ಪ್ರಧಾನಿಯ ಬಗ್ಗೆ ಜನ ಏನಂದುಕೊಂಡಿದ್ದಾರೆ ಎಂದು ಕೇಳಿ ಬರೆದುಕೊಳ್ಳುವುದು ಅವಳ ಕೆಲಸ. ಸಮೋವಾದ ಎರಡೂ ದೊಡ್ಡ ದ್ವೀಪಗಳಲ್ಲಿ ಆಯ್ದ ಊರುಗಳು, ಊರಿಗೆ ಇಪ್ಪತ್ತು ಜನ. ಫಾಗಲೇಮು ಅವಳ ತಾಯಿಯ ತವರು. ಅಲ್ಲಿ ಫುವಾತಿನೊ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಎರಡೇ ದಿನದಲ್ಲಿ ಕೆಲಸ ಮುಗಿಸಿದ್ದಳು.

ಮುಗಿಯದೆ ಏನು? ಉತ್ತರ ಅವಳು ಬರುವ ಮೊದಲೇ ತೀರ್ಮಾನವಾಗಿತ್ತು. ಕಡಲು ವರ್ಷ ವರ್ಷ ಊರನ್ನು ಇಷ್ಟಿಷ್ಟೇ ನುಂಗುತ್ತಿತ್ತು. ಮುಂದಿನ ತಿಂಗಳು ಪ್ರಧಾನಿ ಬರುವವರಿದ್ದರು. ತಡೆಗೋಡೆ ಬೇಕೆಂದರೆ ಊರು ಒಂದೇ ಬಾಯಾಗಿ ಅವರ ಪರ ನಿಲ್ಲಬೇಕು ಎಂದು ಮತಾಯಿಗಳು, ಅಂದರೆ ಮನೆತನಗಳ ಯಜಮಾನರು, ಪಂಚಾಯ್ತಿ ಕೂತು ಮಾತು ಕೊಟ್ಟಿದ್ದರು. ಮಕೆರಿತಾ ಯಾರ ಮನೆಗೆ ಹೋದರೂ ಅಕ್ಕಪಕ್ಕದವರು ಬಂದು ಮೂರು ಮಾರು ದೂರದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು.

"ಸ್ವಲ್ಪ ಆಚೆ ಹೋಗ್ರಪ್ಪ" ಎಂದರೆ, "ಅತಿಥೀನ ಒಂಟಿಯಾಗಿ ಬಿಡೋಕಾಗುತ್ತಾ? ಮರ್ಯಾದೆ ಪ್ರಶ್ನೆ ಕಣಮ್ಮ. ನೀನು ಕೇಳು, ನಾವೇನು ನಿನ್ನ ಬಾಯಿ ಹಿಡ್ಕೊಂಡ್ವಾ?" ಎಂದು ಕೋಕೋ ಲೋಟ ಮುಂದೆ ತಳ್ಳುತ್ತಿದ್ದರು.

ಒಂದು ಪ್ರಶ್ನೆ ಮಾತ್ರ ಗುಟ್ಟಾಗಿ ಉಳಿಯುವಂಥದ್ದು. ಪ್ರಧಾನಿಯ ಕೆಲಸ ತೃಪ್ತಿ ತಂದಿದೆಯೇ ಎಂಬ ಆ ಪ್ರಶ್ನೆಗೆ ಟ್ಯಾಬ್ಲೆಟ್ಟನ್ನೇ ಅವರ ಕೈಗೆ ಕೊಡಬೇಕು. ಅದರಲ್ಲಿ ಐದು ಮುಖಗಳು, ಹಲ್ಲು ಬಿಟ್ಟು ನಗುವ ಮುಖದಿಂದ ಹುಬ್ಬು ಗಂಟಿಕ್ಕಿದ ಮುಖದವರೆಗೆ. ಒಂದನ್ನು ಒತ್ತಿ ಹಿಂದಿರುಗಿಸಿದರಾಯಿತು. ದೂರ ಕೂತವರಿಗೆ ಬಾಯಿಮಾತು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒತ್ತಿದ ಮುಖ ಕಾಣುತ್ತಿದ್ದದ್ದು ಮಕೆರಿತಾಳಿಗೆ ಮಾತ್ರ.

ಮೀನುಗಾರ ಇಯೋಪುವಿನ ಸರದಿ ಬಂದಾಗ ಸುತ್ತ ಹದಿನೈದು ಜನ ಸೇರಿದರು. ಎರಡು ವರ್ಷದ ಹಿಂದೆ ತುಂಬಿದ ಸಭೆಯಲ್ಲಿ ಎದ್ದು ನಿಂತು, "ಗೋಡೆ ಎಲ್ಲಿ ಸ್ವಾಮಿ?" ಎಂದು ಪ್ರಧಾನಿಗೇ ಕೂಗಿ ಕೇಳಿ ದಂಡ ತೆತ್ತ ಆಸಾಮಿ ಅವನು. ಇವತ್ತು ಏನೂ ಕೂಗಲಿಲ್ಲ. "ಬಹಳ ಚೆನ್ನಾಗಿದೆ" ಎಂದ. ಬೆವರಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಹಲ್ಲುಬಿಟ್ಟ ಮುಖವನ್ನೇ ಒತ್ತಿದ. ಮೂರು ಮಕ್ಕಳ ತಂದೆ ಪಾಪ, ಎಷ್ಟು ಸಲ ತಾನೇ ದಂಡ ತೆತ್ತಾನು?

ಇಪ್ಪತ್ತನೆಯವರು ಲೆವಾಸಾ. ಊರಿಗೇ ಹಿರಿಯ ಮತಾಯಿ, ಪಂಚಾಯ್ತಿಯ ಕೊನೆಯ ಮಾತು ಅವರದು. "ಬಹಳ ಚೆನ್ನಾಗಿದೆ ಅಂತ ಬರ್ಕೋ ಮಗಳೇ!" ಎಂದು ಚರ್ಚಿನ ತನಕ ಕೇಳುವಂತೆ ಹೇಳಿ ಟ್ಯಾಬ್ಲೆಟ್ ವಾಪಸು ಕೊಟ್ಟರು. ನೋಡಿದರೆ, ಗಂಟುಹುಬ್ಬಿನ ಮುಖ ಕೆಂಪಗೆ ಹೊಳೆಯುತ್ತಿತ್ತು.

"ದೊಡ್ಡಯ್ಯ, ಬೆರಳು ಜಾರಿತೇನೋ," ಎಂದು ಮಕೆರಿತಾ ಪಿಸುಗುಟ್ಟಿದಳು. "ಬೇಕಾದ್ರೆ ಬದಲಾಯಿಸಬಹುದು."

"ಈ ಬೆರಳಿಗೆ ಎಪ್ಪತ್ತೆರಡು ವರ್ಷ. ಎಲ್ಲಿಗೆ ಹೋಗ್ಬೇಕು ಅಂತ ಅದಕ್ಕೆ ಗೊತ್ತು." ಅವರು ತುಟಿ ಕೂಡ ಸರಿಯಾಗಿ ಅಲ್ಲಾಡಿಸಲಿಲ್ಲ. ಅವರ ಬೆನ್ನ ಹಿಂದೆ, ಕಡಲ ಕಡೆಗೆ, ಒಡೆದ ಗಾರೆಯ ತುಂಡುಗಳು ಬಿದ್ದಿದ್ದವು. ಹಿಂದಿನ ಚಂಡಮಾರುತದಲ್ಲಿ ಅವರ ಹೆಂಡತಿಯ ಸಮಾಧಿ ಕಡಲುಪಾಲಾಗಿತ್ತು. ಮಕೆರಿತಾ ಆ ಉತ್ತರವನ್ನು ಹಾಗೇ ಉಳಿಸಿಕೊಂಡಳು.

ಯಾರು ಏನು ಹೇಳಿದರೆಂದು ಹೊರಗೆ ಬಿಡುವುದಿಲ್ಲ ಎಂದು ಬೈಬಲ್ ಮುಟ್ಟಿ ಪ್ರಮಾಣ ಮಾಡಿಯೇ ಅವಳು ಈ ಕೆಲಸಕ್ಕೆ ಸೇರಿದ್ದು. ಹೆಸರು ಕಚೇರಿಗೂ ಹೋಗುವುದಿಲ್ಲ. ಆದರೆ ಕಚೇರಿಯ ಯಜಮಾನ ತಾವಿತಾನಿಗೆ ಯಾವ ದೆವ್ವ ಹೊಕ್ಕಿತ್ತೋ, ಈ ಸಲ ವರದಿಯ ಕೊನೆಗೆ ಊರೂರಿನ ಪಟ್ಟಿಯನ್ನೂ ಅಂಟಿಸಿಬಿಟ್ಟ. ಪತ್ರಿಕೆಯವರು ಅದನ್ನು ಹಾಗೇ ಅಚ್ಚು ಹಾಕಿದರು. "ಫಾಗಲೇಮು: ಕೇಳಿದ್ದು ಇಪ್ಪತ್ತು ಜನರನ್ನು, ಪ್ರಧಾನಿಯ ಪರ ಶೇಕಡಾ ತೊಂಬತ್ತೈದು." ಬೇರೆ ಊರಾಗಿದ್ದರೆ ತೊಂಬತ್ತೈದಕ್ಕೆ ಹಂದಿ ಸುಟ್ಟು ಹಬ್ಬ ಮಾಡುತ್ತಿದ್ದರು. ಫಾಗಲೇಮುವಿನ ಕಣ್ಣಿಗೆ ಬಿದ್ದದ್ದು ಉಳಿದ ಐದು. ಇಪ್ಪತ್ತರಲ್ಲಿ ಐದು ಶೇಕಡಾ ಎಂದರೆ ಒಬ್ಬ. ಪಂಚಾಯ್ತಿ ಕೊಟ್ಟ ಮಾತನ್ನು ಮುರಿದ ಆ ಒಬ್ಬ ಯಾರು?

ಯಾರೆಂದು ಹುಡುಕಲು ಯಾರೂ ಕಷ್ಟಪಡಲಿಲ್ಲ. "ಇನ್ಯಾರು, ಇಯೋಪುನೇ" ಎಂದಿತು ಊರು. ಬಾಯಲ್ಲಿ ಒಂದು, ಬೆರಳಲ್ಲಿ ಒಂದು ಮಾಡಿದ್ದಾನೆ ಎಂದರು. ಸೋಮವಾರ ಪಂಚಾಯ್ತಿ ಎಂದು ಸಾರಿದರು. ತಪ್ಪು ಸಾಬೀತಾದರೆ ಅವನ ಮನೆಮಂದಿಯೆಲ್ಲ ಊರು ಬಿಡಬೇಕು, ನೆಟ್ಟ ಕೆಸುವಿನ ಗಡ್ಡೆಯನ್ನು ಕೂಡ ಕೀಳುವಂತಿಲ್ಲ. ಸಾಕ್ಷಿ ಹೇಳಲು ಮಕೆರಿತಾಳಿಗೂ ಕರೆ ಹೋಯಿತು.

ಶನಿವಾರದ ದೋಣಿಯಲ್ಲಿ ಬಂದಿಳಿದವಳನ್ನು ಫುವಾತಿನೊ ಚಿಕ್ಕಮ್ಮ ಮೆಟ್ಟಿಲಲ್ಲೇ ತರಾಟೆಗೆ ತೆಗೆದುಕೊಂಡಳು. "ಹೇಳಿಬಿಡೇ ಮಾರಾಯ್ತಿ! ಇಯೋಪು ಅಂದ್ರೆ ಇಯೋಪು ಅನ್ನು, ಅಲ್ಲ ಅಂದ್ರೆ ಅಲ್ಲ ಅನ್ನು. ಅವನ ಹೆಂಡತಿ ಮೂರು ದಿನದಿಂದ ಒಲೆ ಹಚ್ಚಿಲ್ಲ."

"ಅಲ್ಲ ಅಂದ್ರೆ ಮತ್ಯಾರು ಅಂತ ಕೇಳ್ತಾರಲ್ಲ ಚಿಕ್ಕಮ್ಮ!"

"ಕೇಳಿದ್ರೆ ಹೇಳು. ಮಾಡಿದೋರು ಉಣ್ಲಿ."

ಮಕೆರಿತಾ ತಾವಿತಾನಿಗೆ ಫೋನು ಮಾಡಿದಳು. ಅವನದು ಒಂದೇ ಹಾಡು. "ತುಟಿ ಬಿಚ್ಚಬೇಡ. ನೀನು ಬಾಯಿ ಬಿಟ್ರೆ ನಾಳೆಯಿಂದ ಈ ದೇಶದಲ್ಲಿ ಯಾರೂ ನಮಗೆ ನಿಜ ಹೇಳಲ್ಲ."

"ಈಗ ಹೇಳ್ತಿದಾರೆ ಅಂದ್ಕೊಂಡಿದೀರಾ? ಆ ಪಟ್ಟಿ ಹಾಕೋವಾಗ ಬುದ್ಧಿ ಎಲ್ಲಿ ಅಡವಿಟ್ಟಿದ್ರಿ?" ಎಂದು ರೇಗಿ ಅವಳೇ ಫೋನು ಇಟ್ಟಳು. ಸಿಟ್ಟಿನ ಜೊತೆಗೆ ಅಳುವೂ ಬಂತು. ಹೇಳಿದರೆ ಪ್ರಮಾಣ ಮುರಿದು ಮುದುಕನ ಮಾನ ಹೋಗುತ್ತದೆ, ಹೇಳದಿದ್ದರೆ ತಪ್ಪಿಲ್ಲದವನ ಮನೆ ಹೋಗುತ್ತದೆ. ನುಂಗಲಾರದ, ಉಗುಳಲಾರದ ಬಿಸಿತುಪ್ಪ.

ಭಾನುವಾರ ಪ್ರಾರ್ಥನೆ, ಊಟ ಎಲ್ಲ ಮುಗಿದು ಊರು ಚಾಪೆಯ ಮೇಲೆ ಅಡ್ಡಾಗಿದ್ದಾಗ ಅವಳು ಲೆವಾಸಾರ ಮನೆಗೆ ಹೋದಳು. ಅವರು ಒಬ್ಬರೇ ಕೂತು ತೆಂಗಿನ ನಾರು ಹೊಸೆಯುತ್ತಿದ್ದರು. ಅವಳನ್ನು ಕಂಡದ್ದೇ ಕೈ ನಿಂತಿತು.

"ನಾನ್ಯಾರಿಗೂ ಹೇಳಿಲ್ಲ ದೊಡ್ಡಯ್ಯ. ಹೇಳೋದೂ ಇಲ್ಲ. ನೀವೇ ಹೇಳಬೇಕು."

"ಏನಂತ ಹೇಳ್ಲಿ?"

"ಒತ್ತಿದ್ದು ನಾನು ಅಂತ. ಇಯೋಪು ಅಣ್ಣ ಮೂರು ಮಕ್ಕಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತಾನೆ?"

ಲೆವಾಸಾ ಕಡಲ ಕಡೆ ಮುಖ ತಿರುಗಿಸಿದರು. "ಮೂರು ಸಲ ಬಂದ ಆ ಮನುಷ್ಯ. ಮೂರು ಸಲಾನೂ ನಾನೇ ಕೈಯಾರೆ ಹಾರ ಹಾಕಿದೆ. ಮೂರು ಸಲಾನೂ ಗೋಡೆಗೆ ಅಂತ ಅಡಿಗಲ್ಲು ನೆಟ್ಟು ಹೋದ, ಗೋಡೆ ಬರ್ಲಿಲ್ಲ. ನನ್ನವಳ ಎಲುಬು ಎಲ್ಲಿ ತೇಲ್ತಾ ಇದೆಯೋ ನನಗೇ ಗೊತ್ತಿಲ್ಲ." ಅವರು ನಾರನ್ನು ಕೆಳಗಿಟ್ಟರು. "ಜೀವಮಾನದಲ್ಲಿ ಒಂದೇ ಒಂದು ಸಲ, ಯಾರೂ ನೋಡೋದಿಲ್ಲ ಅಂತ, ಮನಸ್ಸಿನಲ್ಲಿದ್ದದ್ದು ಮಾಡಿದೆ."

"ಅದನ್ನೇ ನಾಳೆ ಹೇಳಿ."

"ಹೇಳಿದ್ರೆ ಊರು ಎರಡಾಗುತ್ತೆ. ನಲವತ್ತು ವರ್ಷದಿಂದ ಒಂದೇ ಮಾತಲ್ಲಿ ಹಿಡ್ಕೊಂಡು ಬಂದಿದೀನಿ. ನಾನೇ ಕೈಬಿಟ್ರೆ ಯಾರ ಮಾತು ಯಾರು ಕೇಳ್ತಾರೆ? ಗೋಡೇನೂ ಇಲ್ಲ, ಊರೂ ಇಲ್ಲ." ಅವರು ನಾರನ್ನು ಮತ್ತೆ ಕೈಗೆತ್ತಿಕೊಂಡರು. "ನೀನು ಪ್ರಮಾಣ ಮಾಡಿದೀಯಲ್ಲ. ಉಳಿಸ್ಕೋ."

ಎಂಥ ಮಾತು! ಅವಳ ಪ್ರಮಾಣದ ಚಿಂತೆ ಇವರಿಗೆ. ಮಕೆರಿತಾಳಿಗೆ ಅವರ ಮೇಲೆ ಕೆಟ್ಟ ಕೋಪ ಬಂತು. ಆದರೆ ಹೊಸೆದ ನಾರು ಆ ಕೈಯಲ್ಲಿ ಮತ್ತೆ ಮತ್ತೆ ಬಿಚ್ಚಿಹೋಗುತ್ತಿದ್ದುದನ್ನು ಕಂಡು ಬಯ್ಯಲೂ ಆಗದೆ ಎದ್ದು ಬಂದಳು.

ಸೋಮವಾರ ಬೆಳಗ್ಗೆ ಪಂಚಾಯ್ತಿಯ ದೊಡ್ಡ ಮನೆಯಲ್ಲಿ ಒಂದೊಂದು ಕಂಬಕ್ಕೂ ಒಬ್ಬೊಬ್ಬ ಮತಾಯಿ ಒರಗಿ ಕೂತಿದ್ದರು. ಊರಿನ ಪರವಾಗಿ ಮಾತಾಡುವ ಸೆಮಿಸಿ ಮಾತುಗಾರನ ಗುರುತಾದ ಚವರಿಯನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದ. ಇವನ ನಾಲಿಗೆಗೆ ಎಲುಬಿಲ್ಲ ಎಂದು ಊರಿಗೆಲ್ಲ ಗೊತ್ತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ," ಎಂದು ಅವನು ಶುರುಮಾಡಿದ. "ಪೇಪರಿನೋರು ಹೆಸರು ಬರೆದಿಲ್ಲ, ನಿಜ. ಆದ್ರೆ ಪೇಪರ್ ಬಂದ ದಿನದಿಂದ ಬೆನ್ನು ಸೆಟೆಸಿ, ತಲೆ ಎತ್ಕೊಂಡು ಓಡಾಡ್ತಿರೋರು ಯಾರು? ಏನಪ್ಪ ಇಯೋಪು, ಬಹಳ ಖುಷಿಯಾಗಿದೀಯಂತೆ?"

ಹೊರಗೆ ಜಲ್ಲಿಕಲ್ಲಿನ ಮೇಲೆ ಕೂರಿಸಿದ್ದ ಇಯೋಪು ತಲೆ ಎತ್ತಿದ. "ನಾನು ನಗೋ ಮುಖಾನೇ ಒತ್ತಿದ್ದು. ಸುಳ್ಳಾದ್ರೆ ಕೇಳಿ, ಅವಳು ಇಲ್ಲೇ ಇದಾಳೆ."

ಎಲ್ಲರ ಕಣ್ಣೂ ಮಕೆರಿತಾಳ ಕಡೆ ತಿರುಗಿದವು. ಅವಳು ಲೆವಾಸಾರನ್ನು ನೋಡಿದಳು. ಈಗಲಾದರೂ ಮಾತಾಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಲೆವಾಸಾ ಎದುರಿಗಿದ್ದ, ಪಂಚಾಯ್ತಿಯ ಶುರುವಿಗೆ ಹಂಚುವ ಪಾನದ ಬಟ್ಟಲನ್ನು ನೋಡುತ್ತಾ ಕೂತಿದ್ದರು. ಇಯೋಪು ನಿಜ ಹೇಳುತ್ತಿದ್ದಾನೆ ಎಂದು ಒಂದು ಮಾತು ಹೇಳಬಹುದಿತ್ತು. ಆಗ ಉಳಿದ ಹತ್ತೊಂಬತ್ತು ಜನರಲ್ಲಿ ಇನ್ನೊಬ್ಬನನ್ನು ಹಿಡಿಯುತ್ತಿದ್ದರು, ಆಮೇಲೆ ಮತ್ತೊಬ್ಬನನ್ನು. ಲೆವಾಸಾ ಆಗಲೂ ಬಟ್ಟಲನ್ನೇ ನೋಡುತ್ತಿರುತ್ತಿದ್ದರು. ಅವಳಿಗೆ ಅದು ಚೆನ್ನಾಗಿ ಅರ್ಥವಾಯಿತು.

"ತಪ್ಪು ನಂದು," ಎಂದಳು. "ಇಪ್ಪತ್ತು ಜನಾನೂ ನಗೋ ಮುಖಾನೇ ಒತ್ತಿದ್ರು. ಕಚೇರಿಗೆ ಕಳಿಸೋವಾಗ ನನ್ನ ಕೈತಪ್ಪಿನಿಂದ ಒಂದು ಬದಲಾಯ್ತು."

ಸೆಮಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ನಿನ್ನ! ಪಟ್ಟಣದಲ್ಲಿ ಓದಿದೋಳು, ಇಪ್ಪತ್ತರವರೆಗೆ ಎಣಿಸೋಕೆ ಬರಲ್ವಲ್ಲೇ!" ಎಲ್ಲರೂ ನಕ್ಕರು. ನಗು ನಿಂತ ಮೇಲೆ ಫುವಾತಿನೊ ಚಿಕ್ಕಮ್ಮನ ಮನೆಗೆ ಒಂದು ಹಂದಿ, ಐದು ಪೆಟ್ಟಿಗೆ ಡಬ್ಬಿಮೀನು ದಂಡ ಹಾಕಿದರು. ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಬೇಕು, ಫಾಗಲೇಮು ಶೇಕಡಾ ನೂರು ಎಂದು ಬರಬೇಕು ಎಂದೂ ಆಯಿತು. ಹಾಗೇ ಆಗಲಿ ಎಂದು ಕೊನೆಯ ಮಾತು ಹೇಳಿದವರು ಲೆವಾಸಾ.

ತಾವಿತಾ ಫೋನಿನಲ್ಲಿ ಬಯ್ಯಲೂ ಇಲ್ಲ. "ಸುಳ್ಳು ಹೇಳ್ತಿದೀಯ ಅಂತ ನನಗೆ ಗೊತ್ತು," ಎಂದ. "ಆದ್ರೂ ಅಂಕಿ ಕೆಡಿಸಿದೆ ಅಂತ ನೀನೇ ಒಪ್ಕೊಂಡ ಮೇಲೆ ನಿನ್ನನ್ನ ಹೆಂಗಮ್ಮ ಇಟ್ಕೊಳ್ಳಿ?" ಕೆಲಸ ಹೋಯಿತು. ಇಯೋಪುವಿನ ಮನೆ ಉಳಿಯಿತಲ್ಲ ಎಂದು ಅವಳು ಸಮಾಧಾನ ಮಾಡಿಕೊಂಡಳು.

ಮಾರನೆಯ ಬೆಳಗ್ಗೆ ದೋಣಿಕಟ್ಟೆಗೆ ಹೋಗುವ ಬಸ್ಸಿಗಾಗಿ ಅವಳು ಚರ್ಚಿನ ಎದುರು ನಿಂತಿದ್ದಾಗ ಇಯೋಪು ಬಂದ. ಎಲೆಯಲ್ಲಿ ಸುತ್ತಿದ ಸುಟ್ಟ ಮೀನನ್ನು ಅವಳ ಕೈಗಿಟ್ಟ. ಬೀಳ್ಕೊಡಲು ಬಂದಿದ್ದ ಲೆವಾಸಾ ಎರಡು ಹೆಜ್ಜೆ ಆಚೆಗೆ ಕೋಲೂರಿ ನಿಂತಿದ್ದರು. ಇಯೋಪು ಅವರ ಕಡೆ ನೋಡಿ, ಇರಲಿ ಬಿಡು ಎನ್ನುವಂತೆ ತಲೆ ಕೊಡವಿ ಮಾತು ತೆಗೆದ.

"ತಂಗೀ, ಆ ಪೇಪರ್ ಬಂದ ದಿನ ನನಗೆ ಎಷ್ಟು ನಾಚಿಕೆ ಆಯ್ತು ಗೊತ್ತಾ? ನಾನು ಹೆದರಿ ನಗೋ ಮುಖ ಒತ್ತಿದೆ. ಆದ್ರೆ ಈ ಊರಲ್ಲಿ ಒಬ್ಬ ಹೆದರಲಿಲ್ಲ. ಯಾರಿರಬಹುದು, ಯಾರಿರಬಹುದು ಅಂತ ಪ್ರತಿಯೊಬ್ಬರ ಮುಖಾನೂ ನೋಡ್ತಾ ಓಡಾಡಿದೆ. ಊರು ಬಿಡು ಅಂದ್ರೂ ಬಿಡ್ತೀನಿ, ಇಲ್ಲಿ ನನ್ನಂಥೋನು ಇನ್ನೊಬ್ಬ ಇದಾನಲ್ಲ ಅನ್ನಿಸಿತ್ತು." ಅವನು ದನಿ ತಗ್ಗಿಸಿದ. "ಹೆಸರು ಬೇಡ. ಇದಾನೋ ಇಲ್ವೋ, ಅಷ್ಟು ಹೇಳು ಸಾಕು. ನಿಜವಾಗ್ಲೂ ನಿನ್ನ ಕೈತಪ್ಪೇನಾ?"

ಎರಡು ಹೆಜ್ಜೆ ಆಚೆ ಲೆವಾಸಾರ ಕೋಲು ಕಲ್ಲಿನ ಮೇಲೆ ಒಮ್ಮೆ ಕಟ್ ಎಂದಿತು. ಅವಳು ಕಾದಳು. ಬೇಕಾದದ್ದಕ್ಕಿಂತ ಹೆಚ್ಚೇ ಕಾದಳು.

"ಹೌದಣ್ಣ," ಎಂದಳು ಕೊನೆಗೆ. "ನನ್ನ ಕೈತಪ್ಪೇ."

ಇಯೋಪು ಮೆಲ್ಲಗೆ ತಲೆಯಾಡಿಸಿದ. "ಹಾಗಾದ್ರೆ ಯಾರೂ ಇಲ್ಲ," ಎಂದ.

ಲೆವಾಸಾ ಒಂದು ಹೆಜ್ಜೆ ಮುಂದೆ ಬಂದರು. ಇಯೋಪುವಿನ ಹೆಗಲ ಮೇಲೆ ಕೈಯಿಟ್ಟರು. ಬಾಯಿ ತೆರೆದರು. ಕಣ್ಣು ತುಂಬಿತು.

"ಬಸ್ಸು ಬಂತು," ಎಂದರು.