ಕೆಂಪು ನೂಲಿನ ಚೀಲ

ಹೊಸ ಅಕ್ಕಿಯ ತೌಡಿಗೆ ಅದರದೇ ಒಂದು ವಾಸನೆ. ಬೆಚ್ಚಗೆ, ತುಸು ಸಿಹಿಯಾಗಿ, ಹಾಲು ಉಕ್ಕಿ ಒಲೆಯ ಮೇಲೆ ಬಿದ್ದಾಗ ಬರುವಂಥದು. ಮಾನ್ವಿಯಲ್ಲಿ ಅಪ್ಪನ ಅಕ್ಕಿ ಗಿರಣಿಯ ಅಂಗಳದಲ್ಲೇ ಆಡಿ ಬೆಳೆದ ಶಿವಬಸಮ್ಮನ ಲಂಗಕ್ಕೆ, ಜಡೆಗೆ, ಶಾಲೆಯ ಪುಸ್ತಕಕ್ಕೂ ಆ ವಾಸನೆ ಅಂಟಿಕೊಂಡಿರುತ್ತಿತ್ತು. ಎಪ್ಪತ್ತೊಂದರ ವಯಸ್ಸಿನಲ್ಲಿ ಅದನ್ನು ಕಣ್ಣು ಮುಚ್ಚಿಯೂ ಗುರುತಿಸಬಲ್ಲಳು.

ಕಾರು ಕಲ್ಲೂರು ದಾಟುವಾಗ ಆ ವಾಸನೆ ಹಿಂದಿನಿಂದ ಬಂತು.

"ಡಿಕ್ಕಿಯಾಗ ಏನೈತೋ ವಿನೋದ?"

"ಏನಿಲ್ರಿ ಅವ್ವಾರ. ಸ್ಟೆಪ್ನಿ ಐತ್ರಿ" ಅಂದ ವಿನೋದ, ಕನ್ನಡಿಯಲ್ಲಿ ಅವಳ ಮುಖ ನೋಡದೆ.

ಈಗ ಗಿರಣಿ ಅವಳ ಮಗ ಅಂಬರೀಶನ ಕೈಯಲ್ಲಿದೆ. ವಿನೋದ ದೇವದುರ್ಗದ ಹುಡುಗ. ಅವನ ಅಪ್ಪ ಪಕೀರಪ್ಪ ಮೂವತ್ತು ವರ್ಷ ಇದೇ ಗಿರಣಿಯಲ್ಲಿ ಚೀಲ ಹೊತ್ತವನು. ಮಗ ಕಾರು ಕಲಿತ. ಗದ್ವಾಲಕ್ಕೆ ಅವ್ವನನ್ನು ಕರೆದುಕೊಂಡು ಹೋಗಿ ಬಾ ಅಂತ ಅಂಬರೀಶನೇ ಅವನನ್ನು ಗೊತ್ತು ಮಾಡಿದ್ದ.

ಗದ್ವಾಲ ಗಡಿಯಾಚೆ, ತೆಲಂಗಾಣದಲ್ಲಿ. ಸಂಜೆ ನಾಲ್ಕಕ್ಕೆ ಅಲ್ಲಿ ಗುಲ್ಶನ್ ಬೇಗಂ ಹಾಡುವವಳಿದ್ದಳು. ರಾಯಚೂರಿನ ಕಾಲೇಜು ಹಾಸ್ಟೆಲಿನಲ್ಲಿ ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳತಿ. ಮದುವೆಯಾಗಿ ಗದ್ವಾಲ ಸೇರಿ, ಊರ ಮಕ್ಕಳಿಗೆ ಹಾಡು ಕಲಿಸುತ್ತ ಮುಪ್ಪಾದವಳು. ಗಂಟಲಲ್ಲಿ ಗಂಟಾಗಿದೆ, ಸೋಮವಾರ ಆಪರೇಶನ್. ಆಮೇಲೆ ದನಿ ಉಳಿಯುವುದು ಅನುಮಾನವೆಂದು ಡಾಕ್ಟರು ಹೇಳಿದ್ದರಿಂದ ಶಿಷ್ಯರೆಲ್ಲ ಸೇರಿ ಈ ಕಚೇರಿ ಇಟ್ಟುಕೊಂಡಿದ್ದರು. "ನೀ ಬಂದ್ರ ನಮ್ಮ ಹಾಸ್ಟೆಲ್ಲಿನ ಹಾಡು ಹಾಡ್ತೀನಿ, ಶಿವಿ. ಇಲ್ಲಾಂದ್ರ ಇಲ್ಲ" ಅಂದಿದ್ದಳು ಫೋನಿನಲ್ಲಿ.

ರಾಯಚೂರಿನ ತೀನ್ ಕಂದೀಲ್ ಹತ್ತಿರ ವಿನೋದ ಕಾರು ನಿಲ್ಲಿಸಿದ. "ಐದು ನಿಮಿಷ್ರಿ ಅವ್ವಾರ." ಹೋಗುವ ಮುಂಚೆ ಬಿಸಿಲು ಬೀಳದಂತೆ ಕಿಟಕಿಗೆ ತನ್ನ ಟವೆಲು ಸಿಕ್ಕಿಸಿದ. ಮಾನ್ವಿ ಬಿಟ್ಟಾಗಿನಿಂದ ಹಾಗೆಯೇ. ಮಂಡಿ ನೋಯುತ್ತದೆಂದು ಮುಂದಿನ ಸೀಟು ಸರಿಸಿ ಹಿಂದೆ ಕಾಲಿಗೆ ಜಾಗ ಮಾಡಿಕೊಟ್ಟಿದ್ದ; ಉಬ್ಬು ಬಂದಾಗಲೆಲ್ಲ ಕಾರನ್ನು ತೊಟ್ಟಿಲಿನಂತೆ ಇಳಿಸಿದ್ದ. ಬೇರೆ ದಿನವಾಗಿದ್ದರೆ ಶಿವಬಸಮ್ಮ ಇದನ್ನೆಲ್ಲ ಮನೆಗೆ ಹೋಗಿ ಹೇಳಿಕೊಂಡು ಹಿಗ್ಗುತ್ತಿದ್ದಳು. ಇವತ್ತು ಒಂದೊಂದೂ ಚುಚ್ಚಿತು. ಇಷ್ಟು ನಯ ಯಾಕೆ?

ವಿನೋದ ಹಳೇ ಚಾದರದಲ್ಲಿ ಸುತ್ತಿದ ಏನನ್ನೋ ಎದೆಗವಚಿಕೊಂಡು ಬಂದ. ಡಿಕ್ಕಿ ತೆರೆದ. ಠಣ್ ಅಂತು. ಸೀಟಿನ ಸಂದಿಯಿಂದ ಶಿವಬಸಮ್ಮ ಇಣುಕಿದಳು. ಡಿಕ್ಕಿಯಲ್ಲಿ ಮೊದಲೇ ಇತ್ತು, ಮೇಲೆ ಏನೂ ಬರೆಯದ ಬಿಳಿಯ ಚೀಲ, ಆದರೆ ಬಾಯಿಗೆ ಎರಡೆಳೆ ಕೆಂಪು ನೂಲಿನ ಹೊಲಿಗೆ. ಮಾನ್ವಿಯಲ್ಲಿ ಒಂದೊಂದು ಗಿರಣಿಗೆ ಒಂದೊಂದು ಬಣ್ಣದ ನೂಲು. ಕೆಂಪು ಎರಡೆಳೆ ಅವಳ ಅಪ್ಪ ಹಾಕಿಕೊಟ್ಟದ್ದು.

ನಮ್ಮದೇ ಅಕ್ಕಿ. ಕದ್ದು, ನನ್ನನ್ನೇ ನೆಪ ಮಾಡಿಕೊಂಡು ಗಡಿ ದಾಟಿಸುತ್ತಿದ್ದಾನೆ. ಮುದುಕಿ ಕೂತ ಕಾರನ್ನು ಯಾರು ತಡೆಯುತ್ತಾರೆ?

ಅಂಬರೀಶನಿಗೆ ಫೋನು ಹಚ್ಚಿದಳು. ಎತ್ತಲಿಲ್ಲ. ಗಿರಣಿಯ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸುವುದೇ ಅಪರೂಪ.

ರಾಯಚೂರು ಬಿಟ್ಟ ಮೇಲೆ ಅವಳು ತನ್ನ ಬುತ್ತಿ ಬಿಚ್ಚಿ ಎರಡು ರೊಟ್ಟಿ ತಿಂದಳು. ಹಾಸ್ಟೆಲಿನ ಕಾಲದ ರೂಢಿ ಅದು. ಹೊರಗೆ ಹೋದರೆ ಮನೆಯ ಬುತ್ತಿಯೇ. ಮೂರು ವರ್ಷದಲ್ಲಿ ಗುಲ್ಶನ್ ಕೊಟ್ಟ ತುತ್ತನ್ನು ಒಂದು ದಿನವೂ ಮುಟ್ಟಿರಲಿಲ್ಲ. ಗುಲ್ಶನ್ ಬೇಜಾರು ಮಾಡಿಕೊಂಡಿರಲೂ ಇಲ್ಲ. "ನೀ ಉಣ್ಣು, ನಾ ಹಾಡ್ತೀನಿ" ಅಂತ ಪಕ್ಕದಲ್ಲೇ ಕೂಡುತ್ತಿದ್ದಳು.

"ನೀ ಉಂಡೇನೋ?" ಎಂದು ವಿನೋದನನ್ನು ಕೇಳಿದಳು, ಕೇಳಬೇಕಲ್ಲ ಅಂತ.

"ತಡಾ ಆಕ್ಕೈತ್ರಿ. ನಿಮ್ಮನ್ನ ಮುಟ್ಟಿಸಿ ಉಣ್ತೀನ್ರಿ."

ಗಡಿಯ ಚೌಕಿ ಬಂದಾಗ ಮೂರು ಗಂಟೆ. ಪೊಲೀಸಿನವನು ಒಳಗೆ ಬಗ್ಗಿ ನೋಡಿ, ನೆರೆತ ತಲೆ ಕಂಡು, ಹೋಗಿ ಅಂತ ಕೈಯಾಡಿಸಿದ. ವಿನೋದ ಗೇರು ಹಾಕಿದ.

"ತಡೀರಿ" ಅಂದಳು ಶಿವಬಸಮ್ಮ. "ಹಿಂದ ಅಕ್ಕಿ ಚೀಲ ಐತಿ. ನಮ್ಮ ಗಿರಣೀದು. ನನಗ ಗೊತ್ತಿಲ್ದಂಗ ಹೊಂಟೈತಿ."

ವಿನೋದ ತಿರುಗಿ ನೋಡಿದ. ಇಳಿದು ಡಿಕ್ಕಿ ತೆರೆದು, ಅಂಗಿಯ ಕಿಸೆಯಿಂದ ಮಡಿಚಿದ ರಸೀದಿ ತೆಗೆದುಕೊಟ್ಟ.

"ರಸೀದಿ ಬರೋಬ್ಬರಿ ಐತಲ್ರಿ ಅಮ್ಮಾ?" ಅಂದ ಪೊಲೀಸಿನವನು, ಅದನ್ನು ಓದಿ.

"ರಸೀದಿ ಯಾರಾದ್ರೂ ಬರಕೋಬಹುದು."

"ಮಾಲಕರೇ ಹಿಂಗ ಅಂದಮ್ಯಾಲ ನಾ ಹೆಂಗ ಬಿಡ್ಲಿ?" ಪೊಲೀಸಿನವನು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. "ಗಿರಣಿಯವರು ಫೋನಿನ್ಯಾಗ ಹೇಳೋತನಕ ಗಾಡಿ ಇಲ್ಲೇ."

ಅಂಬರೀಶ ಫೋನು ಎತ್ತಲಿಲ್ಲ. ಮೂರೂವರೆ ಆಯಿತು, ನಾಲ್ಕಾಯಿತು. ಬೇವಿನ ನೆರಳಿಗೆ ಪೊಲೀಸಿನವನು ಅವಳಿಗೊಂದು ಕುರ್ಚಿ ಹಾಕಿಸಿದ. ವಿನೋದ ಬಿಸಿಲಲ್ಲೇ ನಿಂತಿದ್ದ.

"ನಮ್ಮಪ್ಪನ ಬೆನ್ನ ಮ್ಯಾಲ ಇನ್ನೂ ನಿಮ್ಮ ಚೀಲದ ಗುರುತೈತ್ರಿ ಅವ್ವಾರ" ಅಂದ ಕೊನೆಗೆ. ದನಿ ಏರಿಸಲಿಲ್ಲ. "ಒಂದು ಕಾಳು ಉಡಿಯಾಗ ಕಟ್ಟಿಕೊಂಡು ಬಂದಾಂವಲ್ಲ ಅಂವ."

ಅಂಬರೀಶನ ಫೋನು ಬಂದಾಗ ನಾಲ್ಕೂಮುಕ್ಕಾಲು.

"ಯವ್ವಾ, ಏನು ಮಾಡ್ದಿ? ಆ ಅಕ್ಕಿ ಗುಲ್ಶನ್ ಚಿಗವ್ವಾರು ತರಿಸಿಕೊಂಡದ್ದು! ನೀ ಅವರ ಮನ್ಯಾಗ ಉಣ್ಣಂಗಿಲ್ಲಂತ ನಮ್ಮ ಮನಿ ಅಕ್ಕಿ, ಹೊಸಾ ಪಾತ್ರಿ ತರಸ್ಯಾರ. ಮೊದಲ ಹೇಳಿದ್ರ ನೀ ಬ್ಯಾಡ ಅಂತಿ, ಹೇಳಬ್ಯಾಡ್ರಿ ಅಂದಿದ್ರು. ವಿನೋದ ಆಣಿ ಮಾಡಿದ್ದ."

ಶಿವಬಸಮ್ಮ ಫೋನನ್ನು ಪೊಲೀಸಿನವನ ಕೈಗೆ ಕೊಟ್ಟಳು.

ಗದ್ವಾಲದ ಶಾಲೆಯ ಸಭಾಂಗಣ ಮುಟ್ಟಿದಾಗ ಹಾರ್ಮೋನಿಯಂ ಪೆಟ್ಟಿಗೆ ಸೇರುತ್ತಿತ್ತು. ಗುಲ್ಶನ್ ಬೇಗಂ ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದಳು. ಗೆಳತಿಯನ್ನು ಕಂಡು ಎರಡೂ ಕೈ ಚಾಚಿದಳು, ಬಾಯಿ ತೆರೆದಳು. ದನಿ ಬರಲಿಲ್ಲ.

"ನಿಮ್ಮ ಹಾಡು ಆಖರಿಗೆ ಇಟ್ಟಿದ್ರು" ಅಂದಳು ಪಕ್ಕದಲ್ಲಿದ್ದ ಗುಲ್ಶನಳ ಸೊಸೆ. "ಬಾಗಿಲು ನೋಡಿಕೋತ ಕೂತ್ರು. ದನಿ ಒಡೀಲಿಕ್ಕೆ ಹತ್ತಿದಮ್ಯಾಲ ಹಾಡಿದ್ರು. ಫೋನಿನ್ಯಾಗ ಐತ್ರಿ, ಹಾಕ್ಲೇನು?"

ಶಿವಬಸಮ್ಮ ಬೇಡ ಎಂದು ತಲೆಯಾಡಿಸಿದಳು. ಈಗ ಅದನ್ನು ಕೇಳುವ ಮುಖ ಅವಳಿಗಿರಲಿಲ್ಲ.

ಗುಲ್ಶನಳ ಮನೆಯಲ್ಲಿ ಸೊಸೆ ಕೆಂಪು ನೂಲು ಬಿಚ್ಚಿ, ಹೊಸ ಪಾತ್ರೆಯಲ್ಲಿ, ಬೇರೆ ಒಲೆಯ ಮೇಲೆ ಅನ್ನಕ್ಕಿಟ್ಟಳು. ಅಕ್ಕಿ ಬೇಯುವ ವಾಸನೆ ಪಡಸಾಲೆಗೆಲ್ಲ ಹರಡಿತು. ಮೊದಲ ತಾಟು ಶಿವಬಸಮ್ಮನ ಮುಂದೆ ಬಂತು. ಬಿಳಿ ಅನ್ನ, ಬದನೆಕಾಯಿ ಪಲ್ಯ, ಮೊಸರು. ಅವಳು ತಾಟು ಎತ್ತಿಕೊಂಡು ಎದ್ದಳು. ಮಂಡಿ ಹಿಡಿದಿತ್ತು, ಗೋಡೆ ಹಿಡಿದು ಹೊರಗೆ ನಡೆದಳು.

ವಿನೋದ ಕಾರಿನ ಬಾಗಿಲು ತೆರೆದಿಟ್ಟು, ಕಾಲು ಹೊರಚಾಚಿ ಕೂತಿದ್ದ. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ.

"ತಪ್ಪಾತೋ ತಮ್ಮಾ" ಅಂದಳು.

ಅವನು ತಾಟು ನೋಡಿದ. "ಇದು ನಿಮಗಂತ ಮಾಡಿದ್ದಲ್ಲೇನ್ರಿ?"

"ಉಣ್ಣು."

ಅವನು ತಾಟು ಇಸಕೊಂಡ. ಪರವಾಗಿಲ್ಲ ಅಂತ ಮಾತ್ರ ಅನ್ನಲಿಲ್ಲ. ಅನ್ನಬೇಕೆಂದು ಅವಳೂ ಕಾಯಲಿಲ್ಲ.

ಒಳಗೆ ಬಂದು ಗುಲ್ಶನಳ ಎದುರು ಕೂತಳು. "ನಿಮ್ಮ ಪಾತ್ರಿಯೊಳಗ ಮಧ್ಯಾಹ್ನದ್ದು ಏನರ ಉಳದದೇನ?"

ಗುಲ್ಶನ್ ಅವಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋದಳು. ದಿನವೂ ಅಡುಗೆ ಮಾಡುವ ಹಳೆಯ ಪಾತ್ರೆಯ ಮುಚ್ಚಳ ಸರಿದ ಸದ್ದಾಯಿತು. ತಿರುಗಿ ಬಂದು, ಅನ್ನದ ಮೇಲೆ ಹುಳಿ ಬೇಳೆಯ ಖಟ್ಟಾ ದಾಲ್ ಸುರಿದ ತಾಟನ್ನು ಗೆಳತಿಯ ಕೈಗಿಟ್ಟಳು.